ಹೆಬ್ಬೆರಳ ಮೀಮಾಂಸೆ
ಬೇಟ್‌ಕಾಸ್ಟಿಂಗ್ ರೀಲನ್ನು ಪರೀಕ್ಷಿಸಿ ಹದಗೊಳಿಸುವ ಶಾಸ್ತ್ರ ಕುರಿತ ಒಂದು ಕಿರು ಮಹಾಪ್ರಬಂಧ

1. ಪೀಠಿಕೆ

ಮೀನು ಹಿಡಿಯುವುದಕ್ಕೂ ಮೀನು ಹಿಡಿಯುವ ಸಲಕರಣೆಯನ್ನು ಹದ ಮಾಡುವುದಕ್ಕೂ ಏನೋ ಸಂಬಂಧವಿದೆ ಎಂಬ ನಂಬಿಕೆ ಪಾಮರರಲ್ಲಿ ಬೇರೂರಿದೆ. ಆ ನಂಬಿಕೆಯನ್ನು ಬುಡಸಮೇತ ಕೀಳುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಮೆರಿಕದ ಟೆಕ್ಸಸ್, ಅಲಬಾಮಾ, ಫ್ಲಾರಿಡಾ ಕಡೆ ಹೋದವರು ಗಮನಿಸಿರಬಹುದು: ಸಂಜೆ ಹೊತ್ತು ಮನೆ ಮುಂದಿನ ಹುಲ್ಲುಹಾಸಿನ ಮೇಲೆ ಬುದ್ಧಿ ಬಲಿತ ಮನುಷ್ಯನೊಬ್ಬ ಗಾಳದ ಕೋಲು ಬೀಸುತ್ತ ನಿಂತಿರುತ್ತಾನೆ. ದಾರದ ತುದಿಯಲ್ಲಿ ಕೊಕ್ಕೆಯಿಲ್ಲದ ಪ್ಲಾಸ್ಟಿಕ್ ತುಂಡು. ಹುಲ್ಲಿನಲ್ಲಿ ಮೀನಿಲ್ಲವೆಂಬುದು ಅವನಿಗೂ ಗೊತ್ತು, ಅವನ ನಾಯಿಗೂ ಗೊತ್ತು. ಆದರೂ ಬೀಸುತ್ತಾನೆ. ಫಲಾಪೇಕ್ಷೆಯಿಲ್ಲದ ಕರ್ಮ ಎಂದು ನಾವು ಬಾಯಲ್ಲಿ ಹೇಳುವುದನ್ನು ಅವನು ಅರ್ಧ ಔನ್ಸ್ ತೂಕದಲ್ಲಿ ಮಾಡಿ ತೋರಿಸುತ್ತಿರುತ್ತಾನೆ.

ಈ ಸಾಧನೆಗೆ ಉಪಕರಣ ಬೇಟ್‌ಕಾಸ್ಟಿಂಗ್ ರೀಲು. ನೆಪ, ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನು. ಸಾಮಾನ್ಯ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲು, ಅಲುಗದೆ ಕೂತಿರುತ್ತದೆ, ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ಮಕ್ಕಳೂ ಬಳಸಬಹುದು. ಇಷ್ಟು ಸರಾಗವಾದದ್ದು ಶಾಸ್ತ್ರಕ್ಕೆ ವಸ್ತುವಾಗಲಾರದು. ಬೇಟ್‌ಕಾಸ್ಟಿಂಗ್ ರೀಲಿನಲ್ಲಾದರೋ ಸ್ಪೂಲೇ ಗಿರ್ರನೆ ತಿರುಗಿ ದಾರ ಬಿಟ್ಟುಕೊಡಬೇಕು. ಸಕಲ ಪಾಂಡಿತ್ಯವೂ ಈ ಒಂದು ತಾಪತ್ರಯದಿಂದ ಹುಟ್ಟಿದೆ.

2. ಪೂರ್ವಸೂರಿಗಳು

ಗಾಳದ ವಿಷಯದಲ್ಲಿ ಅಗ್ರಪೂಜೆ ಕನ್ನಡ ನೆಲಕ್ಕೇ ಸಲ್ಲಬೇಕು. 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವುದನ್ನು ರಾಜವಿನೋದಗಳ ಸಾಲಿಗೆ ಸೇರಿಸಿ, ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಸಂಸ್ಕೃತದಲ್ಲಿ ವಿವರಿಸಿದ್ದಾನೆ. ಸ್ಪೂಲಿನ ಬಿಗಿತ ಹೊಂದಿಸುವ ಸ್ಪೂಲ್ ಟೆನ್ಷನ್ ಬಗ್ಗೆ ಮಾತ್ರ ತುಟಿ ಬಿಚ್ಚಿಲ್ಲ. ಈ ಮೌನಕ್ಕೆ ಗಹನವಾದ ತಾತ್ವಿಕ ಕಾರಣಗಳಿರಬಹುದು. ಆ ಕಾಲಕ್ಕೆ ಸ್ಪೂಲ್ ಟೆನ್ಷನ್ ಇನ್ನೂ ಹುಟ್ಟಿರಲಿಲ್ಲ ಎಂಬ ಕ್ಷುಲ್ಲಕ ಕಾರಣವನ್ನೂ ತಳ್ಳಿಹಾಕುವಂತಿಲ್ಲ.

ಕೊರತೆ ತುಂಬಿಕೊಟ್ಟವರು ಗಡಿಯಾರದವರು. 19ನೇ ಶತಮಾನದ ಆರಂಭದಲ್ಲಿ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್, ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲು ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರ ಜೋಡಿಸಿ ರೀಲು ಮಾಡಿದ. ಆ ಶತಮಾನದ ಕೊನೆಯಲ್ಲಿ, ಮಿಷಿಗನ್ನಿನ ಕಲಮಜೂ ಊರಿನಲ್ಲಿ ವಿಲಿಯಂ ಶೇಕ್ಸ್‌ಪಿಯರ್ ಜೂನಿಯರ್ ಎಂಬಾತ ದಾರವನ್ನು ಸ್ಪೂಲಿನ ಅಗಲಕ್ಕೂ ಸಮನಾಗಿ ಹರಡುವ ಲೆವೆಲ್‌ವೈಂಡ್ ರೀಲು ತಂದು, 1897ರಲ್ಲಿ ಕಂಪನಿ ಕಟ್ಟಿದ. ಹಳೆಯ ಶೇಕ್ಸ್‌ಪಿಯರನ ನಾಟಕಗಳನ್ನು ಬರೆದವರು ಯಾರೆಂದು ಇಂದಿಗೂ ಜಗಳವಾಡುವವರಿದ್ದಾರೆ; ಕಲಮಜೂವಿನವನು ರೀಲಿನ ಮೇಲೆಯೇ ಹೆಸರು ಕೆತ್ತಿಸಿದ್ದರಿಂದ ಆ ರಗಳೆಯಿಲ್ಲ.

1921ರಲ್ಲಿ ಸ್ವೀಡನ್ನಿನಲ್ಲಿ ಅಬು ಕಂಪನಿ ಹುಟ್ಟಿತು, ಗಡಿಯಾರದ ಕಾರ್ಖಾನೆಯಾಗಿ. ಅದೇ ವರ್ಷ ಜಪಾನಿನ ಸಕಾಯ್‌ನಲ್ಲಿ ಶಿಮಾನೊ ಹುಟ್ಟಿತು, ಸೈಕಲ್ ಬಿಡಿಭಾಗಕ್ಕಾಗಿ. ಎರಡೂ ಕೊನೆಗೆ ರೀಲಿಗೆ ಬಂದು ಮುಟ್ಟಿದವು. ಮೀನಿನ ಚಿಂತೆ ಮೊದಲಿಗೆ ಯಾರಿಗೂ ಇರಲಿಲ್ಲವೆಂಬುದು ನಮ್ಮ ವಾದಕ್ಕೆ ಬಲವಾದ ಸಾಕ್ಷಿ. ಶಿಮಾನೊ ತನ್ನ ಒಂದು ರೀಲಿಗೆ ‘ಕಲ್ಕತ್ತಾ’ ಎಂದು ಹೆಸರಿಟ್ಟಿದೆ. ಇದನ್ನೇ ಹಿಡಿದು ಬೇಟ್‌ಕಾಸ್ಟಿಂಗ್ ವೇದಕಾಲದಲ್ಲೇ ನಮ್ಮಲ್ಲಿತ್ತೆಂದು ಸಾಧಿಸುವ ಕೆಲಸವನ್ನು ಆಸಕ್ತ ವಿದ್ವಾಂಸರಿಗೆ ಬಿಡಲಾಗಿದೆ.

3. ಸಮಸ್ಯೆಯ ನಿರೂಪಣೆ

34 ಮಿ.ಮೀ. ವ್ಯಾಸದ ಸ್ಪೂಲು ಒಂದು ಸುತ್ತಿಗೆ ಸುಮಾರು 107 ಮಿ.ಮೀ. ದಾರ ಬಿಡುತ್ತದೆ. ತುದಿಯ ಲೂರ್, ಅಂದರೆ ಕೃತಕ ಎರೆ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿತೆನ್ನಿ, ಸ್ಪೂಲು ನಿಮಿಷಕ್ಕೆ 11,000ಕ್ಕೂ ಹೆಚ್ಚು ಸುತ್ತಿನ ಲೆಕ್ಕದಲ್ಲಿ ತಿರುಗಬೇಕು. ಗಾಳಿ ಲೂರನ್ನು ತಡೆಯುತ್ತದೆ, ಸ್ಪೂಲನ್ನಲ್ಲ. ಲೂರ್ ನಿಧಾನವಾಯಿತೆಂಬ ಸುದ್ದಿ ಸ್ಪೂಲಿಗೆ ಮುಟ್ಟುವ ದಾರಿಯೂ ಇಲ್ಲ. ದಾರದಿಂದ ಎಳೆಯಬಹುದೇ ಹೊರತು ತಳ್ಳಲಾಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿ, ಹೊರಬಂದರೂ ಹೋಗಲು ಜಾಗವಿಲ್ಲದ ದಾರ ಸ್ಪೂಲಿನ ಮೇಲೆಯೇ ಉಬ್ಬಿ, ಒಂದು ಸುತ್ತು ಇನ್ನೊಂದರ ಕೆಳಗೆ ನುಗ್ಗಿ, ಸಿಕ್ಕುಸಿಕ್ಕಾಗಿ ಕೂಡುತ್ತದೆ. ಇದೇ ಬ್ಯಾಕ್‌ಲ್ಯಾಶ್. ಅಮೆರಿಕದವರ ಆಡುಮಾತಿನಲ್ಲಿ ಹಕ್ಕಿಗೂಡು. ಮಾನ ಉಳಿಸಿಕೊಳ್ಳಬೇಕಾದವರು ‘ಪ್ರೊಫೆಷನಲ್ ಓವರ್‌ರನ್’ ಎಂದೂ ಹೇಳುವುದುಂಟು.

4. ಪರೀಕ್ಷಾವಿಧಿ

ಮೊದಲನೆಯದು ದಾರ ತುಂಬುವ ಸಂಸ್ಕಾರ. ಸ್ಪೂಲಿನ ಅಂಚಿಗೆ ಸುಮಾರು 3 ಮಿ.ಮೀ. ಉಳಿಯುವಷ್ಟು ಸುತ್ತಬೇಕು. ಹೆಣೆದ ದಾರ, ಅಂದರೆ ಬ್ರೇಡ್, ನುಣುಪಾದ ಸ್ಪೂಲಿನ ಮೇಲೆ ಇಡಿಯಾಗಿ ಜಾರುತ್ತದೆ. ಆದ್ದರಿಂದ ಅಡಿಗೆ ಕೆಲವು ಸುತ್ತು ನೈಲಾನ್ ದಾರ ಹಾಕುವುದು ಶಿಷ್ಟಾಚಾರ.

ಎರಡನೆಯದು ಸ್ಪೂಲ್ ಟೆನ್ಷನ್. ಹಿಡಿಕೆಯ ಪಕ್ಕದಲ್ಲೇ ಒಂದು ಪುಟ್ಟ ಗುಂಡಿ ಇದೆ. ಲೂರ್ ಕಟ್ಟಿ, ಕೋಲನ್ನು ಮುಂದಕ್ಕೆ ಚಾಚಿ, ಸ್ಪೂಲನ್ನು ಬಿಡುಗಡೆ ಮಾಡುವ ಥಂಬ್ ಬಾರ್ ಒತ್ತಿ ಬೆರಳು ತೆಗೆಯಬೇಕು. ಲೂರ್ ದಬಕ್ಕನೆ ಬಿದ್ದರೆ ಗುಂಡಿ ಸಡಿಲ. ಅಲ್ಲಾಡದೆ ನೇತಾಡಿದರೆ ವಿಪರೀತ ಬಿಗಿ. ನಿಧಾನವಾಗಿ ಇಳಿದು, ನೆಲ ಮುಟ್ಟಿದ ಕ್ಷಣವೇ ಸ್ಪೂಲು ನಿಂತರೆ ಹದ. ಇನ್ನೊಂದು ಪಂಗಡದ ಪ್ರಕಾರ ಸ್ಪೂಲು ಎಡಬಲ ಅಲುಗದಷ್ಟು ಮಾತ್ರ ಗುಂಡಿ ಬಿಗಿಮಾಡಿ, ಮತ್ತೆ ಆಯುಷ್ಯಪೂರ್ತಿ ಮುಟ್ಟಬಾರದು. ಮೊದಲ ಪಂಗಡದವರು ಲೂರ್ ಬದಲಿಸಿದಾಗಲೆಲ್ಲ ಮುಟ್ಟುತ್ತಾರೆ. ಎರಡೂ ಕಡೆಯವರಿಗೆ ಮೀನು ಸಿಗುವುದರಿಂದ ವಿವಾದ ಇತ್ಯರ್ಥವಾಗುವ ಲಕ್ಷಣವಿಲ್ಲ.

ಮೂರನೆಯದು ಡ್ರ್ಯಾಗ್: ನಕ್ಷತ್ರದಾಕಾರದ ಚಕ್ರ. ಮೀನು ಜಗ್ಗಿದಾಗ ದಾರ ಹರಿಯುವ ಮೊದಲೇ ಸ್ಪೂಲು ಸೋತು ದಾರ ಬಿಟ್ಟುಕೊಡಬೇಕಾದ ಬಿಂದುವನ್ನು ಇದು ನಿಗದಿಪಡಿಸುತ್ತದೆ. ದಾರದ ತಾಳಿಕೆಯ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇರಲಿ ಎಂಬುದು ವಾಡಿಕೆ. 12 ಪೌಂಡ್ ದಾರವಾದರೆ ತಕ್ಕಡಿ ಕೊಕ್ಕೆಗೆ ಕಟ್ಟಿ ಎಳೆದಾಗ 3–4 ಪೌಂಡಿಗೆ ಸ್ಪೂಲು ಜಾರತೊಡಗಬೇಕು. ಜೊಂಡಿನ ನಡುವೆ ರಬ್ಬರ್ ಕಪ್ಪೆ ಎಸೆಯುವವರು ಈ ಸೂತ್ರಕ್ಕೆ ಕಿವಿಗೊಡದೆ ಚಕ್ರವನ್ನು ಗಟ್ಟಿಯಾಗಿ ತಿರುಗಿಸಿ ಬಿಡುತ್ತಾರೆ. ಅವರದು ಉಗ್ರ ಸಂಪ್ರದಾಯ.

5. ಬ್ರೇಕಿನ ಮತತ್ರಯ

ಆಯಸ್ಕಾಂತ ಮತದವರ ಸ್ಪೂಲು ಅಲ್ಯುಮಿನಿಯಂನದು. ಆಯಸ್ಕಾಂತಕ್ಕೆ ಅಂಟಿಕೊಳ್ಳುವ ಜಾತಿಯದಲ್ಲ. ಆದರೂ ಆಯಸ್ಕಾಂತದ ಪಕ್ಕದಲ್ಲಿ ಸುತ್ತಿದಾಗ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಮುಟ್ಟದೆಯೇ ಹಿಡಿಯುವ ಈ ಶಕ್ತಿ ಸ್ಪೂಲಿನ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹೊರಗೊಂದು ಡಯಲ್ ಇರುವುದರಿಂದ ಈ ಮತ ಸೋಮಾರಿಗಳಿಗೆ ಪ್ರಿಯ.

ಕೇಂದ್ರಾಪಗಾಮಿ ಮತದಲ್ಲಿ ಸ್ಪೂಲಿನ ಪಕ್ಕಕ್ಕೆ ಸಣ್ಣ ಸಣ್ಣ ಬ್ರೇಕ್ ತುಂಡುಗಳಿವೆ. ಸುತ್ತು ಹೆಚ್ಚಿದಂತೆ ಅವು ಹೊರಕ್ಕೆ ಜಿಗಿದು ಸುತ್ತಲ ಉಂಗುರಕ್ಕೆ ಉಜ್ಜುತ್ತವೆ. ಇಲ್ಲಿ ಬಲ ವೇಗದ ವರ್ಗಕ್ಕೆ ಅನುಗುಣ: ವೇಗ ಇಮ್ಮಡಿಯಾದರೆ ಹಿಡಿತ ನಾಲ್ಮಡಿ. ಹಾಗಾಗಿ ಎಸೆತದ ಆರಂಭದ ಹುಚ್ಚು ರಭಸಕ್ಕೆ ಇದು ಮದ್ದು. ಎಸೆತದ ಕೊನೆಗೆ ತಾನೇ ಸುಮ್ಮನಾಗುತ್ತದೆ. ಹೊಂದಿಸಲು ಸಾಮಾನ್ಯವಾಗಿ ಪಕ್ಕದ ಮುಚ್ಚಳ ಕಳಚಬೇಕು. ತುಂಡುಗಳನ್ನು ಎದುರುಬದುರಾಗಿ ಜೋಡಿಯಲ್ಲೇ ತೆರೆಯಬೇಕು. ಇಲ್ಲದಿದ್ದರೆ ಸ್ಪೂಲು ತೂಕ ತಪ್ಪಿ ನಡುಗುತ್ತದೆ. ಮುಚ್ಚಳ ಕಳಚುವ ಕೆಲಸವನ್ನು ದೋಣಿಯಲ್ಲಿ ನಿಂತು ಮಾಡಬಾರದೆಂಬ ನಿಷೇಧ ಯಾವ ಗ್ರಂಥದಲ್ಲೂ ಬೇಕಾಗಿಲ್ಲ, ಕೆರೆಯೇ ಕಲಿಸುತ್ತದೆ.

ಎರಡನ್ನೂ ಒಂದೇ ರೀಲಿನಲ್ಲಿ ಕೂಡಿಸುವ ಸಮನ್ವಯ ಮತ ಮೂರನೆಯದು. ಇವುಗಳಾಚೆಗೆ ಶಿಮಾನೊದವರ ಡಿಜಿಟಲ್ ರೀಲು ಇದೆ. ಸ್ಪೂಲಿನ ಸುತ್ತಿನಿಂದಲೇ ವಿದ್ಯುತ್ ಪಡೆದು, ಒಳಗಿನ ಚಿಪ್ ವೇಗ ಅಳೆದು ಬ್ರೇಕ್ ಹಾಕುತ್ತದೆ. ಎಸೆದಾಗ ಕೀರಲು ದನಿ ಹೊರಡುತ್ತದೆ. ಅದು ರೀಲಿನ ದನಿಯೇ ಹೊರತು ಬೆಲೆ ಕೇಳಿದವನದಲ್ಲ.

6. ಪ್ರಾಯಶ್ಚಿತ್ತ

ಸಿಕ್ಕು ಬಿದ್ದಮೇಲೆ ದಾರವನ್ನು ಸಿಟ್ಟಿನಿಂದ ಎಳೆಯುವುದು ಮಹಾಪಾತಕ. ಡ್ರ್ಯಾಗ್ ಬಿಗಿಮಾಡಿ, ಸಿಕ್ಕಿನ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ, ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಬೇಕು. ಒಳಗಿನ ಕುಣಿಕೆಗಳು ಚಪ್ಪಟೆಯಾಗುತ್ತವೆ. ಆಮೇಲೆ ಥಂಬ್ ಬಾರ್ ಒತ್ತಿ ದಾರ ಎಳೆದರೆ ಎಷ್ಟೋ ಸಲ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಮುಂಜಾಗ್ರತೆಯೂ ಉಂಟು: ಉದ್ದದೊಂದು ಎಸೆತ ಎಸೆದು, ಇನ್ನಷ್ಟು ದಾರ ಎಳೆದು, ಸ್ಪೂಲಿನಲ್ಲಿ ಉಳಿದದ್ದರ ಮೇಲೆ ಟೇಪು ಅಂಟಿಸಿ ಮತ್ತೆ ಸುತ್ತಿಕೊಳ್ಳಿ. ಸಿಕ್ಕು ಟೇಪನ್ನು ದಾಟಿ ಕೆಳಗಿಳಿಯದು.

7. ಆಕ್ಷೇಪ ಪರಿಹಾರ

ಇಷ್ಟೆಲ್ಲ ಮಾಡಿದರೆ ದೊಡ್ಡ ಮೀನು ಸಿಗುತ್ತದೆಯೇ ಎಂಬುದು ಪೂರ್ವಪಕ್ಷ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ತೂಗಿತು. ಆ ಕಾಲಕ್ಕೆ ಆಯಸ್ಕಾಂತದ ಡಯಲೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ವಿಶ್ವದಾಖಲೆಯಾಯಿತು, ಮೀನು ಮನೆಯವರ ಊಟವಾಯಿತು. 77 ವರ್ಷಗಳ ನಂತರ, 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕಿಂತ ಸುಮಾರು ಒಂದು ಔನ್ಸ್ ಹೆಚ್ಚು ತೂಗಿದ ಬಾಸ್ ಹಿಡಿದ. ಹಳೆಯ ದಾಖಲೆ ಮುರಿಯಬೇಕಾದರೆ ಕನಿಷ್ಠ 2 ಔನ್ಸ್ ಮಿಗಬೇಕೆಂಬ ನಿಯಮವಿದ್ದುದರಿಂದ ಇಬ್ಬರನ್ನೂ ಸಮ ಎಂದು ಘೋಷಿಸಲಾಯಿತು. ಮುಕ್ಕಾಲು ಶತಮಾನದ ಯಂತ್ರವಿದ್ಯೆಯ ಒಟ್ಟು ಗಳಿಕೆ ಒಂದು ಔನ್ಸ್, ಅದೂ ಲೆಕ್ಕಕ್ಕಿಲ್ಲ. ಮೀನು ಬರಿಯ ನೆಪವೆಂಬುದು ಇಲ್ಲಿಗೆ ಸಿದ್ಧವಾಯಿತು.

8. ನಿರ್ಣಯ

ಮೇಲಿನ ಎಲ್ಲ ಗುಂಡಿ, ಡಯಲು, ಚಿಪ್ಪುಗಳು ಒಂದೇ ಅಂಗದ ಅಡ್ನಾಡಿತನವನ್ನು ಮುಚ್ಚಿಹಾಕಲು ಹುಟ್ಟಿದವು. ಆ ಅಂಗ ಹೆಬ್ಬೆರಳು. ಗುರುದಕ್ಷಿಣೆಯಾಗಿ ಅದನ್ನು ಕೊಟ್ಟ ಏಕಲವ್ಯ ಉಳಿದ ಬೆರಳುಗಳಲ್ಲಿ ಬಾಣ ಬಿಟ್ಟಾನು, ಬೇಟ್‌ಕಾಸ್ಟಿಂಗ್ ಅವನಿಂದಾಗದು. ಲೂರ್ ನಿಧಾನವಾಗುವುದನ್ನು ಕಣ್ಣು ಕಾಣುತ್ತದೆ, ದಾರ ಉಬ್ಬುವುದನ್ನು ಬೆರಳಿನ ಚರ್ಮ ಅರಿಯುತ್ತದೆ. ಸ್ಪೂಲನ್ನು ಎಷ್ಟು ಸವರಬೇಕು, ಯಾವಾಗ ಒತ್ತಬೇಕು ಎಂಬ ಕೊನೆಯ ತೀರ್ಪು ಅದರದೇ. ಕಂಪನಿ ವರ ಕೊಟ್ಟರೂ ಹೆಬ್ಬೆರಳು ಕೊಡಬೇಕು.

ಆದ್ದರಿಂದ ಹೊಸ ರೀಲು ಕೊಂಡವರಲ್ಲಿ ವಿನಂತಿ: ಮೊದಲ ದಿನ ಬ್ರೇಕನ್ನು ಪೂರ್ತಿ ಹಾಕಿಕೊಳ್ಳಿ, ಕೈ ಕುದುರಿದಂತೆ ಒಂದೊಂದೇ ಅಂಕ ಇಳಿಸಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಲೂರ್ ನೆಲ ಮುಟ್ಟುವ ಮೊದಲೇ ಸ್ಪೂಲಿನ ಮೇಲೆ ಹೆಬ್ಬೆರಳು ಒತ್ತಿ. ಇಷ್ಟನ್ನು ಕಲಿತವರು ಈ ಪ್ರಬಂಧವನ್ನು ಓದುವ ಅಗತ್ಯವಿರಲಿಲ್ಲ.