ಕ್ಲಚ್ ಜೀರ್ಣೋದ್ಧಾರ ಪ್ರಕರಣ

ಶಾಸ್ತ್ರವೆನಿಸಿಕೊಳ್ಳುವ ಯಾವ ಗ್ರಂಥಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಪ್ರಾಚೀನರ ಕಟ್ಟಳೆಯಾದ್ದರಿಂದ, ಹಳೆಯ ಪಿಕಪ್ ಗಾಡಿಯ ಕ್ಲಚ್ಚನ್ನು ಕುರಿತ ಈ ಕಿರುಪ್ರಕರಣಕ್ಕೂ ಅವನ್ನು ಮೊದಲೇ ಹೇಳಿಬಿಡುವುದು ಲೇಸು. ಸವೆದ ಪ್ಲೇಟು ವಿಷಯ. ಘಾಟಿ ಏರುವುದು ಪ್ರಯೋಜನ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರತಕ್ಕದ್ದೇ ಸಂಬಂಧ. ಅಧಿಕಾರಿ ಯಾರೆಂಬಲ್ಲಿ ಮಾತ್ರ ವಿವಾದವುಂಟು. ಆರ್‌.ಸಿ. ಪುಸ್ತಕದಲ್ಲಿ ಹೆಸರುಳ್ಳವನೇ ಅಧಿಕಾರಿಯೆಂದು ಸರ್ಕಾರದ ಮತ. ಆದರೆ ಜಾಕಿ ಕೊಟ್ಟು ಎತ್ತಿದ ಗಾಡಿಯ ಅಡಿಯಲ್ಲಿ ಗೋಣಿತಾಟು ಹಾಸಿ ಮಲಗಿದ ಮೇಸ್ತ್ರಿಯ ಎರಡು ಪಾದಗಳನ್ನಷ್ಟೇ ಕಾಣುತ್ತ, ಆ ಪಾದಗಳನ್ನೇ ಉದ್ದೇಶಿಸಿ “ಇವತ್ತು ಆಗುತ್ತಾಣ್ಣ?” ಎಂದು ವಿನಯದಿಂದ ಪ್ರಶ್ನಿಸುತ್ತಿರುವ ಮಾಲೀಕನನ್ನು ಒಮ್ಮೆ ನೋಡಿದವರು ಯಾರೂ ಆ ಮತವನ್ನು ಅಂಗೀಕರಿಸಲಾರರು.

ಕ್ಲಚ್ಚಿನ ತತ್ತ್ವವಾದರೋ ಸರಳವಾದದ್ದು. ಎಂಜಿನ್ನಿನೊಡನೆ ಸದಾ ಸುತ್ತುವ ಫ್ಲೈವೀಲಿಗೂ ಅದಕ್ಕೆ ಬಿಗಿದಿರುವ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಮುಖಕ್ಕೂ ಲೈನಿಂಗ್ ತೊಟ್ಟ ಒಂದು ತಟ್ಟೆಯುಂಟು. ಆ ತಟ್ಟೆಯ ನಡುವಿನ ಹಲ್ಲುಗಳೊಳಗೆ ಗೇರ್‌ಬಾಕ್ಸಿನ ಶಾಫ್ಟು ಹೊಕ್ಕಿರುವುದು. ಸ್ಪ್ರಿಂಗಿನ ಒತ್ತಡವಿರುವವರೆಗೆ ಮೂರೂ ಏಕರೂಪವಾಗಿ ತಿರುಗುವುವು. ಪೆಡಲು ತುಳಿದರೆ ರಿಲೀಸ್ ಬೇರಿಂಗು ಮುಂದೆ ಸರಿದು ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ, ತಟ್ಟೆಗೆ ಬಿಡುಗಡೆಯನ್ನು ದಯಪಾಲಿಸುವುದು. ಆದ್ದರಿಂದ ಕಾಲೆತ್ತಿದಾಗ ಅದ್ವೈತವೂ ತುಳಿದಾಗ ದ್ವೈತವೂ ಸಿದ್ಧಿಸುತ್ತವೆಯೆಂಬುದರಲ್ಲಿ ಯಾವ ಮಠದವರಿಗೂ ತಕರಾರಿಲ್ಲ. ತೊಡಕಿರುವುದು ಮಧ್ಯದ ಸ್ಥಿತಿಯಲ್ಲಿ. ಹಾಫ್ ಕ್ಲಚ್ಚೆಂದು ಲೋಕದಲ್ಲಿ ಪ್ರಸಿದ್ಧವಾದ ಇದನ್ನು ಕೆಲವರು ವಿಶಿಷ್ಟಾದ್ವೈತವೆಂದು ಕರೆದುಬಿಡುವರು. ಅದು ಅವಸರದ ಮಾತು. ರಾಮಾನುಜರ ಮತದಲ್ಲಿ ಶರೀರಕ್ಕೂ ಶರೀರಿಗೂ ಇರುವ ಸಂಬಂಧ ಬಿಡಿಸಬಾರದ್ದು, ಅಲ್ಲಿ ಜಾರುವಿಕೆಗೆ ಎಡೆಯೇ ಇಲ್ಲ. ಕೂಡಿಯೂ ಇರುವ, ಬೇರೆಯಾಗಿಯೂ ಇರುವ, ಎರಡರ ನಡುವೆ ಉಜ್ಜಿಕೊಂಡು ಕಾಯುವ ಈ ಸ್ಥಿತಿಯನ್ನು ಭಾಸ್ಕರನ ಭೇದಾಭೇದವೆಂದೇ ಗಣಿಸತಕ್ಕದ್ದು. ಭೇದಾಭೇದವನ್ನು ಖಂಡಿಸಲು ಆಚಾರ್ಯರು ಭಾಷ್ಯಗಳನ್ನು ಬರೆಯಬೇಕಾಯಿತು. ಚಾರ್ಮಾಡಿಯ ತಿರುವಿನಲ್ಲಿ ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.

ಇನ್ನು ಪ್ರಮಾಣವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದೆಂಬುದು ನೈಯಾಯಿಕರು ಶಿಷ್ಯಪರಂಪರೆಗೆಲ್ಲ ಬಾಯಿಪಾಠ ಮಾಡಿಸಿದ ಉದಾಹರಣೆ. ಉಜಿರೆಯ ಕಡೆಯಿಂದ ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು ಕೊಟ್ಟಿಗೆಹಾರದತ್ತ ಏರುತ್ತಿರುವ ಹಳೆಯ ಟಾಟಾ 207 ಒಂದು, ಮುಂದಿನ ಬಸ್ಸು ತಿರುವಿನಲ್ಲಿ ನಿಂತಿತೆಂದು ತಾನೂ ನಿಂತು, ಹ್ಯಾಂಡ್‌ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಚಾಲಕನು ಅರ್ಧ ತುಳಿದ ಪೆಡಲಿನಿಂದಲೇ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದಿಟ್ಟ ದೃಶ್ಯವನ್ನು ಆ ನೈಯಾಯಿಕರು ಕಂಡಿರಲಿಲ್ಲ. ಬೆಟ್ಟವೂ ಉಂಟು, ಹೊಗೆಯೂ ಉಂಟು, ಬೆಂಕಿ ಮಾತ್ರ ಇಲ್ಲ! ಹೇತು ದುಷ್ಟವಾಯಿತು, ವ್ಯಾಪ್ತಿ ಮುರಿಯಿತು. ಇಂಥಲ್ಲಿ ಕಣ್ಣಿಗಿಂತ ಮೂಗು ಹೆಚ್ಚು ವಿಶ್ವಾಸಾರ್ಹವಾದ ಪ್ರಮಾಣ. ಗಂಧವು ಪೃಥ್ವಿಯ ಗುಣವೆಂದು ವೈಶೇಷಿಕರು ಹೇಳುವುದರಿಂದ, ಲೈನಿಂಗು ಪಾರ್ಥಿವದ್ರವ್ಯವೆಂಬುದೂ ಈ ಪ್ರಸಂಗದಲ್ಲಿಯೇ ಸಿದ್ಧವಾಗುತ್ತದೆ. ಮೀನಿನ ವಾಸನೆಯನ್ನೂ ಮೀರಿ ಬಂದರೆ ಸಂದೇಹಕ್ಕೆ ಅವಕಾಶವೇ ಉಳಿಯದು.

ಪ್ರತ್ಯಕ್ಷವೇ ಬೇಕೆನ್ನುವವರು ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲದುದನ್ನು ನೋಡಿಕೊಂಡು, ಮೂರನೆಯ ಗೇರಿನಲ್ಲಿ ಮೆಲ್ಲನೆ ಪೆಡಲು ಬಿಡತಕ್ಕದ್ದು. ಎಂಜಿನ್ ಆರಿಹೋದರೆ ಪ್ಲೇಟಿಗೆ ಇನ್ನೂ ಆಯುಸ್ಸಿದೆ. ಏನೂ ಆಗಲಿಲ್ಲವೆಂಬಂತೆ ಅದು ಗುನುಗುತ್ತಲೇ ಇದ್ದರೆ ಇಲ್ಲ. ಪೆಡಲು ತುಳಿದಾಗ ಮಾತ್ರ ಕಿರುಗುಟ್ಟುವುದು ರಿಲೀಸ್ ಬೇರಿಂಗಿನ ಆರ್ತನಾದ, ಅದನ್ನು ಪ್ಲೇಟಿನ ತಲೆಗೆ ಕಟ್ಟಬಾರದು.

ಈ ಎಲ್ಲ ಸಂಕಟಕ್ಕೂ ಮೂಲವಾದ ಘರ್ಷಣೆಯ ನಿಯಮವನ್ನು 1699ರಲ್ಲಿ ಫ್ರೆಂಚ್ ಪಂಡಿತ ಅಮಾಂತೋನ್ ಪ್ರತಿಪಾದಿಸಿದನು: ಘರ್ಷಣೆಯು ಒತ್ತುವ ಬಲವನ್ನು ಅನುಸರಿಸುತ್ತದೆಯೇ ಹೊರತು ತಗುಲುವ ಹರವನ್ನಲ್ಲ. ಪ್ಲೇಟು ಹೊಸದಾಗಿದ್ದರೂ ಸ್ಪ್ರಿಂಗು ಸೋತಿದ್ದರೆ ಗಾಡಿ ಏಕೆ ಏರದೆಂಬುದಕ್ಕೆ ಇದೇ ಭಾಷ್ಯ. ಲೈನಿಂಗಿನ ವಂಶಾವಳಿಯೂ ಶ್ರವಣಯೋಗ್ಯವಾದದ್ದು. ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಗಾಡಿಹೊಡೆಯುವವರು ಇಳಿಜಾರಿನಲ್ಲಿ ಚಕ್ರವನ್ನು ತಡೆಯಲು ಮರದ ಬ್ರೇಕುಕಟ್ಟೆಗೆ ಹಳೆಯ ಬೂಟುಗಳನ್ನು ಸಿಕ್ಕಿಸುತ್ತಿದ್ದುದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು ಅದಕ್ಕಿಂತ ಉತ್ತಮವಾದ ವಸ್ತುವನ್ನು ಮಾಡಲು ತೊಡಗಿದನೆಂದೂ, 1897ರಲ್ಲಿ ಆರಂಭವಾದ ಫೆರೋಡೋ ಕಂಪನಿ ಅದರ ಫಲವೆಂದೂ ಪ್ರತೀತಿ. ಪಾದರಕ್ಷೆಯೇ ಲೈನಿಂಗಿನ ಪೂರ್ವಜನ್ಮವೆಂದ ಮೇಲೆ, ನಮ್ಮ ಚಾಲಕರು ಎಡಗಾಲಿನ ಚಪ್ಪಲಿಯನ್ನು ಪೆಡಲಿನಿಂದ ಎಂದೂ ಅಗಲಿಸದಿರುವುದಕ್ಕೆ ರಕ್ತಸಂಬಂಧವಲ್ಲದೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಹೀಗೆ ನಿದಾನವು ನಿಶ್ಚಯವಾದ ಮೇಲೆ ಚಿಕಿತ್ಸೆಯಲ್ಲಿ ಮೂರು ಮತಗಳು ಏಳುತ್ತವೆ. ಹಳೆಯ ತಟ್ಟೆಯ ಲೈನಿಂಗನ್ನು ಕಿತ್ತು, ಹೊಸ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿದರೆ ಸಾಕೆನ್ನುವವರು ಪುನರ್ಜನ್ಮವಾದಿಗಳು. ದೇಹ ಹೋದರೂ ಆತ್ಮವಿದೆಯೆಂಬ ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ನಡುವಿನ ಸಣ್ಣ ಸ್ಪ್ರಿಂಗುಗಳು ಸಡಿಲಿ ಗಲಗಲವೆನ್ನುವ, ಹಲ್ಲುಗಳು ಸವೆದ ಆತ್ಮಕ್ಕೆ ಎಷ್ಟು ಜನ್ಮ ಕೊಟ್ಟರೂ ಸದ್ಗತಿಯಿಲ್ಲ. ಹೊಸ ಪ್ಲೇಟೊಂದನ್ನೇ ಹಾಕಿ ಉಳಿದುದನ್ನು ಮುಟ್ಟಬೇಡವೆನ್ನುವವರು ಪ್ಲೇಟುಮಾತ್ರವಾದಿಗಳು. ಮಾಲೀಕರಲ್ಲಿ ಬಹುಪಾಲು ಈ ಸಂಪ್ರದಾಯದವರು. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಬದಲಿಸತಕ್ಕದ್ದೆನ್ನುವವರು ಸೆಟ್ಟುವಾದಿಗಳು. ಸೆಟ್ಟುವಾದವು ಬಿಡಿಭಾಗದ ಅಂಗಡಿಯವರ ಕಲ್ಪನೆಯೆಂದು ಪೂರ್ವಪಕ್ಷವು ಆಕ್ಷೇಪಿಸುತ್ತದೆ. ಅಂಗಡಿಯವರಿಗೆ ಅದು ಪ್ರಿಯವಾದ ಮತವೆಂಬುದು ನಿಜ. ಆದರೆ ಪ್ರಿಯವಾದದ್ದೆಲ್ಲ ಸುಳ್ಳಾಗಬೇಕೆಂಬ ನಿಯಮವಿಲ್ಲ. ಈ ಕೆಲಸದಲ್ಲಿ ಶ್ರಮವೆಲ್ಲ ಗೇರ್‌ಬಾಕ್ಸನ್ನು ಇಳಿಸಿ ಏರಿಸುವುದರಲ್ಲಿದೆ. ಅಲ್ಪ ಬೆಲೆಯ ಬೇರಿಂಗನ್ನು ಉಳಿಸಹೋಗಿ ಕೆಲವೇ ತಿಂಗಳಲ್ಲಿ ಅದೇ ಗೇರ್‌ಬಾಕ್ಸನ್ನು ಮತ್ತೆ ಇಳಿಸುವ ಲೋಭಕ್ಕೆ ಲಾಭವೆಂದು ಹೆಸರಿಡಲು ಯಾವ ಕೋಶವೂ ಒಪ್ಪದು. ಸೆಟ್ಟುವಾದವೇ ಸಿದ್ಧಾಂತ.

ಬಿಚ್ಚುವ ವಿಧಿಯನ್ನು ವಿಸ್ತರಿಸಬೇಕಾಗಿಲ್ಲ. ಬ್ಯಾಟರಿಯ ತಂತಿ ಕಳಚಿ, ಪ್ರೊಪೆಲ್ಲರ್ ಶಾಫ್ಟನ್ನು ಜೋಡಿಸಿದ ಜಾಗಕ್ಕೆ ಗುರುತು ಹಾಕಿ ಬಿಚ್ಚಿ, ಸ್ಟಾರ್ಟರ್ ಮೋಟಾರು ತೆಗೆದು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೇರೆಬೇರೆ ಆಸರೆ ಕೊಟ್ಟು, ಬೆಲ್ ಹೌಸಿಂಗಿನ ಬೋಲ್ಟುಗಳನ್ನು ಬಿಚ್ಚಿದರೆ ಗೇರ್‌ಬಾಕ್ಸು ಹಿಂದೆ ಸರಿಯುತ್ತದೆ. ಸರಿಯದಿದ್ದರೆ ಮೇಲಿನ ಒಂದು ಬೋಲ್ಟು ಉಳಿದಿದೆಯೆಂದೇ ತಿಳಿಯಬೇಕು. ಒಳಗೆ ಕೂತಿರುವ ಕರಿಧೂಳು ವಿಭೂತಿಯಲ್ಲ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಗಾಳಿ ಹೊಡೆದು ಹಾರಿಸದೆ ಒದ್ದೆಬಟ್ಟೆಯಿಂದ ಒರೆಸತಕ್ಕದ್ದು. ಇಲ್ಲಿ ಪರಿಹಾಸಕ್ಕೆ ಎಡೆಯಿಲ್ಲ. ಲೈನಿಂಗು ಎಣ್ಣೆಯಲ್ಲಿ ತೊಯ್ದಿದ್ದರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲನ್ನೋ ಗೇರ್‌ಬಾಕ್ಸಿನ ಮುಂದಿನದನ್ನೋ ಬದಲಿಸದೆ ಮುಂದುವರಿಯಲಾಗದು. ಫ್ಲೈವೀಲಿನ ಮುಖದಲ್ಲಿ ರಿವೆಟಿನ ಗೀರುಗಳೂ ಸುಟ್ಟ ನೀಲಿ ಮಚ್ಚೆಗಳೂ ಕಂಡರೆ ಅದು ಲೇತಿಗೆ ಹೋಗಲೇಬೇಕು.

ಆದರೆ ಶಾಸ್ತ್ರದ ಸಾರಸರ್ವಸ್ವವಿರುವುದು ಹೊಸ ಪ್ಲೇಟನ್ನು ಕೂರಿಸುವುದರಲ್ಲಿ. ಪ್ಲೇಟಿಗೆ ಎರಡು ಮುಖಗಳಿದ್ದು, ನೋಡಲು ಒಂದೇ ತೆರನಾದರೂ, ನಡುವಿನ ಉಬ್ಬು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಕಡೆಗಿರತಕ್ಕದ್ದು. ಇದನ್ನು ಮರೆತು ತಿರುವುಮುರುವಾಗಿ ಹಾಕಿದವನಿಗೆ ತಪ್ಪು ಗೊತ್ತಾಗುವುದು ಗೇರ್‌ಬಾಕ್ಸನ್ನು ಏರಿಸಿ, ಎಲ್ಲ ಬೋಲ್ಟು ಬಿಗಿದು, ಕೈ ತೊಳೆದು, ಚಹಾ ಕುಡಿದು, ಕೊನೆಗೆ ಪೆಡಲು ತುಳಿದು ಗೇರು ಹಾಕಹೋದಾಗ. ಪ್ರಾಯಶ್ಚಿತ್ತವೂ ಅದೇ ಕ್ರಮದಲ್ಲಿ ಹಿಂದುಮುಂದಾಗಿ ನಡೆಯಬೇಕು. ಪ್ಲೇಟು ನಡುಮಧ್ಯದಲ್ಲಿ ಕೂರದಿದ್ದರೆ ಶಾಫ್ಟು ಒಳಹೊಗದು. ಇದಕ್ಕಾಗಿ ನಮ್ಮ ಗ್ಯಾರೇಜುಗಳಲ್ಲಿ ಯಾವುದೋ ಕಾಲದ ಗೇರ್‌ಬಾಕ್ಸಿನಿಂದ ಉಳಿದ ಹಳೆಯ ಶಾಫ್ಟೊಂದನ್ನು ‘ಡಮ್ಮಿ’ಯೆಂಬ ಹೆಸರಿನಿಂದ ಜೋಪಾನ ಮಾಡಿರುವರು. ಅದನ್ನು ಪ್ಲೇಟಿನ ಮೂಲಕ ತೂರಿಸಿ ಪೈಲಟ್ ಬೇರಿಂಗಿನಲ್ಲಿ ನಿಲ್ಲಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯುವ ಮೇಸ್ತ್ರಿಯ ಸಾವಧಾನವನ್ನು ನೋಡಿದರೆ, ವೀಣೆಗೆ ಶ್ರುತಿ ಕೂಡಿಸುವ ವೈಣಿಕನ ನೆನಪಾಗುವುದು. ಗೇರ್‌ಬಾಕ್ಸನ್ನು ಏರಿಸುವಾಗ ಅದರ ಭಾರವನ್ನು ಕ್ಷಣಕಾಲವೂ ಪ್ಲೇಟಿನ ಮೇಲೆ ತೂಗಬಿಡಬಾರದು, ಹಬ್ಬು ಬಾಗಿಹೋಗುತ್ತದೆ. ಹಲ್ಲುಗಳಿಗೆ ಗ್ರೀಸು ತೆಳ್ಳಗೆ ಸವರಿದರೆ ಸಾಕು; ಉದಾರಿಗಳಾದವರ ಗ್ರೀಸೆಲ್ಲ ಲೈನಿಂಗಿನ ಮೇಲೆ ಸಿಡಿಯುವುದು.

ವಾಚಕರಲ್ಲಿ ಪಿಕಪ್ಪುಳ್ಳವರಿಗೆ ವಿಜ್ಞಾಪನೆ ಇಷ್ಟೆ. ಹಳೆಯ ಪ್ಲೇಟನ್ನೂ ಬೇರಿಂಗನ್ನೂ ಬಿಲ್ಲಿನೊಡನೆ ಕೇಳಿ ಪಡೆಯಿರಿ. ಹೊಸ ಪ್ಲೇಟು ಹೊಂದಿಕೊಳ್ಳುವವರೆಗೆ ಪೂರ್ತಿ ಹೊರೆ ಹೇರಿ ಘಾಟಿ ಹತ್ತಿಸಬೇಡಿ. ಇಳಿಜಾರಿನಲ್ಲಿ ಗಾಡಿಯನ್ನು ನಿಲ್ಲಿಸುವ ಕೆಲಸವನ್ನು ಹ್ಯಾಂಡ್‌ಬ್ರೇಕಿಗೆ ಬಿಡಿ. ಅದು ಹಿಡಿಯದಿದ್ದರೆ, ಗಾಡಿ ಹೇಗೂ ಗ್ಯಾರೇಜಿನಲ್ಲೇ ಇದೆ, ಅದನ್ನೂ ಇವತ್ತೇ ಮಾಡಿಸಿರಿ.