ಸಾಕ್ಸಿನ ಮೇಲೊಂದು ಬಳ್ಳಿ

ಬೂಟು ಹಾಕಿಕೊಂಡವನ ನಿಜವಾದ ಸ್ಥಿತಿಗತಿ ಬಯಲಾಗುವುದು ಇನ್ನೊಬ್ಬರ ಮನೆಯ ಬಾಗಿಲಲ್ಲಿ. ಅಂಗಿಗೆ ಇಸ್ತ್ರಿ, ಬೂಟಿಗೆ ಪಾಲಿಶ್ ಎಲ್ಲ ಸರಿಯಾಗಿರುತ್ತದೆ. ಬೂಟು ಬಿಚ್ಚಿದ್ದೇ ತಡ, ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಆ ಬೆರಳನ್ನು ಇನ್ನೊಂದು ಪಾದದಡಿ ಮುಚ್ಚಿಟ್ಟು ಉಪ್ಪಿಟ್ಟು ತಿನ್ನುವ ಕಲೆ ನಮ್ಮ ಗಂಡಸರಿಗೆ ಯಾರೂ ಹೇಳಿಕೊಡದೆ ಬಂದಿದೆ. ಅದೇ ಸಾಕ್ಸಿನ ಕಣಕಾಲಿನ ಹತ್ತಿರ ನಾಲ್ಕು ಹೂವಿದ್ದಿದ್ದರೆ ನೋಡುವವರ ಕಣ್ಣು ಅತ್ತ ತಿರುಗುತ್ತಿತ್ತು ಎಂಬುದು ನನ್ನ ನಂಬಿಕೆ. ತೂತು ಹೊಲಿಯುವುದು ಬೇರೆ ಶಾಸ್ತ್ರ. ಅದಕ್ಕೆ ತಾಳ್ಮೆ ಬೇಕು. ಹೂವಿಗೆ ಹುಮ್ಮಸ್ಸು ಸಾಕು.

ಹೊಸದಾಗಿ ಸೂಜಿ ಹಿಡಿಯುವವರಿಗೆ ಸಾಕ್ಸಿನಷ್ಟು ಕ್ಷಮಾಗುಣವಿರುವ ಬಟ್ಟೆ ಇನ್ನೊಂದಿಲ್ಲ. ರೇಷ್ಮೆ ರವಿಕೆಯ ಮೇಲೆ ಕೈ ಪಳಗಿಸಲು ಹೊರಟರೆ ಅವತ್ತು ಮನೆಯಲ್ಲಿ ಊಟ ಸಿಗುವುದು ಕಷ್ಟ. ಸಾಕ್ಸು ಕೆಟ್ಟರೆ ಬೂಟು ಮುಚ್ಚಿಕೊಳ್ಳುತ್ತದೆ. ಸಾಮಾನೂ ಹೆಚ್ಚೇನಿಲ್ಲ. ಒಂದು ಜೊತೆ ಬೋಳು ಹತ್ತಿ ಸಾಕ್ಸು, ಉದ್ದ ಕಣ್ಣಿನ ಸೂಜಿ, ಎಂಬ್ರಾಯ್ಡರಿ ದಾರದ ಒಂದು ಲಡಿ. ಎಂಟು ಮೀಟರಿನ ಆ ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ. ಎರಡು ಮೂರು ಎಳೆ ಬಿಡಿಸಿಕೊಂಡರೆ ಸಾಕು. ಸಾಕ್ಸಿನೊಳಗೆ ಒಂದು ಟೆನಿಸ್ ಚೆಂಡನ್ನೋ ಸ್ಟೀಲ್ ಲೋಟವನ್ನೋ ತೂರಿಸಿಕೊಳ್ಳಬೇಕು. ಇಲ್ಲದಿದ್ದರೆ ಮೇಲಿನ ಪದರಕ್ಕೆ ಕೆಳಗಿನ ಪದರವೂ ಸೇರಿ ಹೊಲಿದುಹೋಗುತ್ತದೆ. ಹೂವು ಚೆನ್ನಾಗಿಯೇ ಬಂದಿರುತ್ತದೆ, ಕಾಲು ಒಳಗೆ ಹೋಗುವುದಿಲ್ಲ.

ಲೋಟಕ್ಕೆ ಇನ್ನೊಂದು ಉಪಯೋಗವಿದೆ: ಅದು ಸಾಕ್ಸನ್ನು ಹಿಗ್ಗಿಸಿ ಹಿಡಿಯುತ್ತದೆ. ಸಾಕ್ಸು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಒಂದೇ ನೂಲು ಕುಣಿಕೆಯೊಳಗೆ ಕುಣಿಕೆ ಹಾಕುತ್ತಾ ಸುತ್ತುತ್ತದೆ. ಆದ್ದರಿಂದಲೇ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಈ ಹೆಣಿಗೆಗೆ 1589ರಲ್ಲಿ ಯಂತ್ರ ಕಂಡುಹಿಡಿದ. ಕೈಯಲ್ಲಿ ಹೆಣೆಯುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆಂದು ಎಲಿಜಬೆತ್ ರಾಣಿ ಅವನಿಗೆ ಪೇಟೆಂಟು ಕೊಡಲಿಲ್ಲವೆಂಬ ಕಥೆಯಿದೆ. ಆ ಕಾಲದ ಯುರೋಪಿನ ಸಿರಿವಂತ ಗಂಡಸರೂ ಉದ್ದ ಕಾಲುಚೀಲಗಳ ಕಣಕಾಲಿನ ಬದಿಗೆ ರೇಷ್ಮೆ ದಾರದ ಕಸೂತಿ ಹಾಕಿಸಿಕೊಂಡು ಮೆರೆಯುತ್ತಿದ್ದರು. ಆದ್ದರಿಂದ ಗಂಡಸಿನ ಕಾಲಿಗೆ ಹೂವೇಕೆ ಎಂದು ಯಾರಾದರೂ ಮೂಗೆಳೆದರೆ ಜಗ್ಗಬೇಕಾಗಿಲ್ಲ.

ಹಿಗ್ಗುವ ಬಟ್ಟೆಯ ಮೇಲೆ ಹಿಗ್ಗದ ದಾರವನ್ನು ಬಿಗಿಯಾಗಿ ಎಳೆದು ಹೊಲಿದರೆ, ಕಾಲು ತೂರಿಸುವಾಗ ದಾರ ಪಟ್ಟೆಂದು ಕಡಿಯುತ್ತದೆ. ಸರಪಳಿ ಹೊಲಿಗೆ ತಾನೂ ಕುಣಿಕೆಗಳ ಸಾಲಾದ್ದರಿಂದ ಒಂದಿಷ್ಟು ಹೊಂದಿಕೊಂಡು ಹೋಗುತ್ತದೆ.

ಇಷ್ಟೆಲ್ಲ ತಿಳಿದುಕೊಂಡು ನಾನು ಧಾರವಾಡದ ಚಿಕ್ಕಮ್ಮನ ಮುಂದೆ ಸಾಕ್ಸು ಹಿಡಿದು ಕೂತೆ. ಇಳಕಲ್ ಸೀರೆಯ ಎಳೆ ಎಣಿಸಿ ಕಸೂತಿ ಹಾಕಿದ ಕೈ ಅವರದು. ತುಳಸಿಕಟ್ಟೆ ಹಾಕಲೇ ಎಂದು ಕೇಳಿದೆ.

"ಅಲ್ಲೋ, ತುಳಸಿಕಟ್ಟಿ ಒಯ್ದು ಕಾಲಾಗ ಇಡ್ತೀಯೇನೋ?"

ಗೋಪುರ, ನಂದಿ ಎಂದು ಬಾಯಿ ಬಿಡುವ ಧೈರ್ಯ ಆಮೇಲೆ ಬರಲಿಲ್ಲ. ಆನೆ? "ಅಂಬಾರ್ಯಾಗ ದೇವರು ಕೂತಿರ್ತಾನ." ನವಿಲು ಷಣ್ಮುಖನ ವಾಹನ, ಹಂಸ ಸರಸ್ವತಿಯದು. ಗಿಣಿ ಮನ್ಮಥನದೆಂದು ನಾನೇ ಕೈಬಿಟ್ಟೆ. ನಮ್ಮ ಕಸೂತಿಯ ಪ್ರಾಣಿಪಕ್ಷಿಗಳ ಬೆನ್ನ ಮೇಲೆ ಹುಡುಕಿದರೆ ಒಬ್ಬ ದೇವರು ಸಿಕ್ಕೇ ಸಿಗುತ್ತಾನೆ. ಕೊನೆಗೆ ಉಳಿದದ್ದು ಒಂದು ಬಳ್ಳಿ.

"ಗಂಟು ಹಾಕಬ್ಯಾಡ, ಚುಚ್ಚತದ" ಎಂದರು ಚಿಕ್ಕಮ್ಮ. ಕಸೂತಿಯಲ್ಲಿ ಗಂಟೇ ಇಲ್ಲ. ಗವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲೇ ಹಿಂದಿರುಗಿ ಬಂದು, ಬಿಟ್ಟ ಸಂದುಗಳನ್ನು ತುಂಬುತ್ತದೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ. ಸೀರೆಗೆ ಇದು ಅಂದದ ಮಾತು, ಸಾಕ್ಸಿಗೆ ಸುಖದ ಮಾತು: ಒಳಗೆ ಗಂಟಿದ್ದರೆ ಸಂಜೆಯ ಹೊತ್ತಿಗೆ ಚರ್ಮ ಕೆಂಪಾಗುತ್ತದೆ. ಆದರೆ ಸಾಕ್ಸಿನಲ್ಲಿ ಎಣಿಸಲು ಹಾಸು ಹೊಕ್ಕು ಎಲ್ಲಿವೆ? ಬರೀ ಕುಣಿಕೆಗಳು. ಚಿಕ್ಕಮ್ಮ ಕನ್ನಡಕ ಏರಿಸಿ, ಆ ಕುಣಿಕೆಗಳನ್ನೇ ಎಣಿಸಿ, ದಾರವನ್ನು ಸಡಿಲವಾಗಿ ಬಿಡುತ್ತಾ, ಮೂರು ಎಲೆ ಮೂಡಿಸಿ ಲೋಟದ ಸಮೇತ ನನ್ನ ಕೈಗಿತ್ತರು.

ಸೂಜಿಯ ಸಹವಾಸವೇ ಬೇಡವೆನ್ನುವವರು ಬಣ್ಣಕ್ಕೆ ಹೋಗುತ್ತಾರೆ. ಅರಿಶಿನದ ನೀರಿನಲ್ಲಿ ಕುದಿಸಿದರೆ ಬಿಳಿ ಹತ್ತಿ ಸಾಕ್ಸು ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ನಿಜ. ಮೊದಲ ಸಲ ಸೋಪು ಹಚ್ಚಿದಾಗ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ನಡೆಯುವುದೂ ಇದೇ. ನಿಂಬೆಹುಳಿ ಹಿಂಡಿದ ನೀರಿನಲ್ಲಿ ಅದ್ದಿದರೆ ಹಳದಿ ಮರಳುತ್ತದೆ. ಬಿಸಿಲಿಗೆ ಒಣಹಾಕಿದರೆ ಅದೂ ಮಾಸುತ್ತಾ ಹೋಗುತ್ತದೆ. ಇಷ್ಟು ಚಂಚಲವಾದ ಸಾಕ್ಸನ್ನು ನಂಬಿ ಮದುವೆಗೆ ಹೋಗಲಾಗದು.

ನನ್ನ ಮತ ಸೂಜಿದಾರಕ್ಕೇ. ಕೈ ಹಾಕುವವರು ಹೊಸ ಸಾಕ್ಸನ್ನು ಒಮ್ಮೆ ಒಗೆದು ಒಣಗಿಸಿಕೊಳ್ಳಿ, ಹತ್ತಿ ಕುಗ್ಗುತ್ತದೆ. ಮೇಲಂಚಿನ ಎಲಾಸ್ಟಿಕ್ಕಿನ ತಂಟೆಗೆ ಹೋಗದೆ ಕಣಕಾಲಿನ ಹೊರಬದಿಗೆ ಹೊಲಿಯಿರಿ. ಎರಡನೆಯ ಸಾಕ್ಸಿನ ಬಳ್ಳಿ ಮೊದಲನೆಯದರಂತೆ ಬರುವುದಿಲ್ಲ. ಹಾಗೆಂದು ಕತ್ತರಿ ಹಿಡಿದು ಬಿಚ್ಚಲು ಕೂರಬೇಡಿ. ದಾರದ ಜೊತೆ ಒಂದು ಕುಣಿಕೆ ಕತ್ತರಿಸಿಹೋದರೂ ಸಾಕ್ಸೇ ಬಿಚ್ಚಿಕೊಳ್ಳತೊಡಗುತ್ತದೆ. ಹಾಗೆಯೇ ಹಾಕಿಕೊಳ್ಳಿ.