ಕಿರುತಾಟೆ ಲಕ್ಷಣ ಮೀಮಾಂಸೆ

ಅಥ ತಾಟೆಲಕ್ಷಣಂ. ತಾಟೆಯೆಂದರೆ ಕರಾವಳಿಯ ಬಾಯಲ್ಲಿ ಶಾರ್ಕ್. ಅದರ ಮಹಾಕಾಯದ ಪ್ರಭೇದಗಳನ್ನು ಸಿನಿಮಾದವರು ಸಾಕಷ್ಟು ವ್ಯಾಖ್ಯಾನಿಸಿರುವುದರಿಂದ, ಈ ಗ್ರಂಥ ದಡದ ನೀರಿನ ಗಿಡ್ಡರಿಗಷ್ಟೇ ಮೀಸಲು. ಇದರ ಪ್ರಯೋಜನ ಒಂದೇ: ದಕ್ಕೆಯಲ್ಲಿ ಎರಡು ಗೇಣಿನ ತಾಟೆ ಕಂಡೊಡನೆ ಘಟ್ಟದ ಮೇಲಿನವರು ತೆಗೆಯುವ “ಅಯ್ಯೋ, ಶಾರ್ಕ್ ಮರಿ!” ಎಂಬ ಉದ್ಗಾರದ ಖಂಡನೆ.

ಸೂತ್ರ 1: ಗಿಡ್ಡದ್ದೆಲ್ಲ ಮರಿಯಲ್ಲ.

ವೃತ್ತಿ: ಉದಾಹರಣೆಗೆ ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ಸನಿಕೆಯಂತೆ ಚಪ್ಪಟೆ ಮೂತಿ, ಕೆಸರು ನೆಲದ ತಿಳಿಯಲ್ಲದ ನೀರು, ಸಿಗಡಿಯ ಊಟ. ಗುಜರಾತ್, ಮಹಾರಾಷ್ಟ್ರದ ದಂಡೆಯಲ್ಲಿ ಹೇರಳ, ಅಳಿವೆಯೊಳಕ್ಕೂ ನುಗ್ಗುವುದುಂಟು. ಎಷ್ಟು ಬೆಳೆದರೂ 75 ಸೆಂ.ಮೀ. ದಾಟದು; ಒಂದು ಮೊಳವಾಗುವ ಮೊದಲೇ ಪ್ರಾಯಕ್ಕೆ ಬಂದಿರುತ್ತದೆ. ಇದರ ಮೊಟ್ಟೆ ಸುಮಾರು 1 ಮಿ.ಮೀ., ಅಂದರೆ ರಾಗಿಕಾಳಿನಷ್ಟು. ಅಷ್ಟರಲ್ಲಿ ಬುತ್ತಿ ಎಲ್ಲಿ ಕಟ್ಟುವುದು? ಆದ್ದರಿಂದ ತಾಯಿ ಬಸಿರೊಳಗೇ ಹೊಕ್ಕುಳಬಳ್ಳಿಯಿಂದ ಉಣಿಸುತ್ತದೆ. ಮೀನಿಗೂ ಹೊಕ್ಕುಳೇ ಎನ್ನುವವರಿಗೆ ಆಪ್ತವಾಕ್ಯ: ಒಂದು ಜಾತಿಯ ಶಾರ್ಕಿನಲ್ಲಿ ಇಂಥ ಬಳ್ಳಿಯುಂಟೆಂದು ಅರಿಸ್ಟಾಟಲ್ ಬರೆದಿದ್ದ. ಎರಡು ಸಾವಿರ ವರ್ಷಗಳ ಮೇಲೆ, 1842ರಲ್ಲಿ, ಬರ್ಲಿನ್ನಿನ ಯೊಹಾನೆಸ್ ಮ್ಯೂಲರ್ ಅದು ನಿಜವೆಂದು ತೋರಿಸಿಕೊಟ್ಟ. ನಮ್ಮ ಸನಿಕೆಮೂತಿಗೆ ಹೆಂಲೆ ಎಂಬಾತನೊಡನೆ 1838ರಲ್ಲಿ ನಾಮಕರಣ ಮಾಡಿದವನೂ ಇವನೇ.

ಸೂತ್ರ 2: ಮರಿಯೆಲ್ಲ ಗಿಡ್ಡವಾಗಿ ಉಳಿಯದು.

ವೃತ್ತಿ: ಸುತ್ತಿಗೆ ತಲೆಯ ಶಾರ್ಕ್ ಮೂರು ಮೀಟರ್ ಮೀರಬಲ್ಲ ವಂಶ. ಆದರೆ ಹೆರಿಗೆಗೆ ದಡದ ನೀರಿಗೇ ಬರುತ್ತದೆ, ತವರಿಗೆ ಬಂದಂತೆ; ಮರಿ ನುಂಗುವ ದೊಡ್ಡವರು ಅಲ್ಲಿ ಕಡಿಮೆ. ಹುಟ್ಟಿದ ಮರಿ ಸುಮಾರು ಎರಡು ಗೇಣು. ಬಲೆಯಲ್ಲಿ ಅದೂ ಸನಿಕೆಮೂತಿಯೂ ಒಟ್ಟಿಗೇ ಬರುತ್ತವೆ. ಹಾಗಾದರೆ ಎಳೆಯದೆಂದು ತಿಳಿಯುವುದು ಹೇಗೆ? ಅಂಗಾತ ಮಲಗಿಸಿ ಎದೆಯ ಈಜುರೆಕ್ಕೆಗಳ ನಡುವೆ ನೋಡಬೇಕು. ಹೊಕ್ಕುಳಿನ ಸೀಳು ಇನ್ನೂ ಮಾಯ್ದಿರದಿದ್ದರೆ ಅದು ಹಸುಗೂಸು.

ಸೂತ್ರ 3: ಬಿದಿರು ಶಾರ್ಕ್ ಅಪವಾದ.

ವೃತ್ತಿ: ಶಾಸ್ತ್ರ ಕೈಗೆ ಬಂತೆನ್ನುವಷ್ಟರಲ್ಲಿ ಕೆಡಿಸಲು ಒಂದು ಜೀವಿ ಇದ್ದೇ ಇರುತ್ತದೆ. ಇದು ಮೊಟ್ಟೆಯಿಡುವ ಜಾತಿ, ಹೊಕ್ಕುಳಿನ ಪ್ರಮಾಣ ಇಲ್ಲಿ ಸಲ್ಲದು. ಹಗಲು ಬಂಡೆಯ ಸಂದಿಯಲ್ಲಿ ನಿದ್ದೆ, ರಾತ್ರಿ ಸಂಚಾರ. ಮೂತಿಯಲ್ಲಿ ಮೀಸೆಯಂಥ ಎಳೆ. ನೀರಿನಿಂದ ಎತ್ತಿಟ್ಟರೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಬೂದುಬಣ್ಣದ ಪ್ರಭೇದದಲ್ಲಿ ಎಳೆಯವಕ್ಕೆ ಮೈತುಂಬ ಪಟ್ಟೆ, ಬಲಿತಂತೆ ಅವು ಮಾಸುತ್ತವೆ. ವಯಸ್ಸಾದಂತೆ ಗೆರೆ ಮೂಡುವ ಮನುಷ್ಯಜಾತಿ ಹೊಟ್ಟೆಕಿಚ್ಚು ಪಡಬೇಕಾದ ವಿಷಯ.

ಉಪಸೂತ್ರ: ಹಾಲು ಶಾರ್ಕಿನಲ್ಲಿ ಹಾಲಿಲ್ಲ.

ವೃತ್ತಿ: ‘ಹಾಲು ಶಾರ್ಕ್’ ಎಂಬುದು ಇನ್ನೊಂದು ತಾಟೆ. ಆ ಹೆಸರಿನ ಹಾಲು ಮೀನಿನದಲ್ಲ, ಬಾಣಂತಿಯದು. ಇದನ್ನು ತಿಂದರೆ ಎದೆಹಾಲು ಹೆಚ್ಚುತ್ತದೆಂಬ ನಮ್ಮವರ ನಂಬಿಕೆಯೇ ಜಗತ್ತಿನ ಪುಸ್ತಕಗಳಲ್ಲಿ ಹೆಸರಾಗಿ ಕೂತಿದೆ. ಅಡುಗೆಮನೆಯಿಂದ ವರ್ಗೀಕರಣಕ್ಕೆ ಸಂದ ಕಾಣಿಕೆಯಿದು.

ಫಲ: ಈ ಭೇದ ತಿಳಿಯುವುದೇಕೆಂದರೆ, ಸನಿಕೆಮೂತಿ ಬೇಗ ಬಲಿತು, ಆರು ತಿಂಗಳೊಳಗೆ ಹೆತ್ತು, ಬಲೆಗೆ ಹೋದ ಲೆಕ್ಕ ತುಂಬಿಕೊಡಬಲ್ಲದು. ಸುತ್ತಿಗೆ ತಲೆಗೆ ತಾಯಾಗಲು ಹತ್ತಕ್ಕೂ ಹೆಚ್ಚು ವರ್ಷ ಬೇಕು. ಅದರ ಸಂತತಿ ಈಗ ಅಳಿವಿನ ಅಂಚಿನಲ್ಲಿದೆ. ಬುಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ರೇಟು.

ಉಪಸಂಹಾರ: ಮೊದಲಲ್ಲಿ ಖಂಡಿಸಿದ ಉದ್ಗಾರ ಗ್ರಂಥಕರ್ತನದೇ ಎಂದು ಈಗ ಒಪ್ಪಿಕೊಳ್ಳಬೇಕು. “ಇಷ್ಟು ಸಣ್ಣ ಮರಿ ಹಿಡಿಯುವುದು ಪಾಪವಲ್ಲವಾ ಅಕ್ಕ?” ಎಂದು ಕೇಳಿದ್ದೆ. ಮೀನು ಮಾರುವ ಅಕ್ಕ ಉತ್ತರಿಸದೆ ಒಂದು ಸನಿಕೆಮೂತಿಯ ಹೊಟ್ಟೆ ಸೀಳಿದರು. ಒಳಗೆ ಬೆರಳುದ್ದದವು ಹನ್ನೊಂದು, ಒಂದೊಂದೂ ತನ್ನ ಬಳ್ಳಿಗೆ ಜೋತುಕೊಂಡು.

“ಮರಿ ಅಂದ್ರಲ್ಲ ಮಾರಾಯ್ರೆ, ಇದು ಯಾರದ್ದು ಮತ್ತೆ?”

ಪ್ರತ್ಯಕ್ಷವಿರುವಲ್ಲಿ ಅನುಮಾನಕ್ಕೆ ಕೆಲಸವಿಲ್ಲ. ಆ ದಿನ ನಾನು ಬಂಗುಡೆ ಕೊಂಡೆ.